ಡ್ಯೂಕ್‌ನಂತೆ ಜಗಳಾಡದ ಗಂಡ

ಮೂಡಲಗಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಗೋಕಾಕದಿಂದ ಬಸ್ಸಿನಲ್ಲಿ ಹೋಗಿಬರುವಾಗ ಫೋನಿನಲ್ಲಿ ಓದುವುದು ಮಾತ್ರ ಮಕ್ಕಳಿಗೆ ಹೇಳುವಂಥದ್ದಲ್ಲ: ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಡ್ಯೂಕ್‌ಗಳೆಂಬ ಸಿರಿವಂತ ದೊರೆಗಳ ಪ್ರೇಮಕಥೆಗಳು. ಅದರಲ್ಲೂ ಮೊದಲು ಹಾವು ಮುಂಗುಸಿಯಂತೆ ಕಚ್ಚಾಡಿ, ಆಮೇಲೆ ಒಬ್ಬರನ್ನೊಬ್ಬರು ಬಿಟ್ಟಿರಲಾರದವರ ಕಥೆಗಳೆಂದರೆ ನನಗೆ ಪ್ರಾಣ. ನಾಯಕಿ ಚುಚ್ಚಿ ಮಾತಾಡುತ್ತಾಳೆ, ಡ್ಯೂಕ್ ಉರಿದೆದ್ದು ಅವಳ ಮುಂಗೈ ಹಿಡಿಯುತ್ತಾನೆ, ಮುಂದಿನ ಪುಟದಲ್ಲಿ ಅಂಗಿಯ ಗುಂಡಿಗಳು ಬಿಚ್ಚಿಕೊಳ್ಳತೊಡಗುತ್ತವೆ. ಅಷ್ಟರಲ್ಲಿ ಯಾರಾದರೂ ಅಜ್ಜಿ ಪಕ್ಕಕ್ಕೆ ಬಂದು ಕೂತರೆ ಫೋನನ್ನು ಎದೆಗೊತ್ತಿ ಹಿಡಿದು ಕಿಟಕಿಯಾಚೆಯ ಕಬ್ಬು ನೋಡುತ್ತೇನೆ.

ನಮ್ಮ ಯಜಮಾನರಿಗೆ ಪೈಪು, ಮೋಟರು ಮಾರುವ ಅಂಗಡಿ. ಮದುವೆಯಾದಂದಿನಿಂದ ನನ್ನ ಮೇಲೆ ದನಿಯೇರಿಸಿದವರಲ್ಲ. ಓಣಿಯ ಹೆಂಗಸರು ಇದನ್ನು ನನ್ನ ಪುಣ್ಯ ಎನ್ನುತ್ತಾರೆ. ನನಗೆ ಕಳೆದ ತಿಂಗಳು ಅದೇ ಒಂದು ಕೊರತೆಯಾಗಿ ಕಂಡಿತು. ಒಂದು ಸಂಜೆ ಬೇಕೆಂದೇ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಅವರು ತುಟಿಪಿಟಕ್ಕೆನ್ನದೆ ಉಂಡರು. ಉಪ್ಪಿಲ್ಲವೆಂದು ಹೇಳುವಷ್ಟೂ ನನ್ನ ಮೇಲೆ ಲಕ್ಷ್ಯವಿಲ್ಲ ಎಂದು ಅದನ್ನೇ ಹಿಡಿದು ಜಗಳ ತೆಗೆದೆ. ಅವರು ಇನ್ನಷ್ಟು ಪಲ್ಯ ಬಡಿಸಿಕೊಂಡರು. ಉರಿಸಲೇಬೇಕೆಂದು ಪುಸ್ತಕದ ನಾಯಕಿಯ ಮಾತನ್ನೇ ನಮ್ಮ ಮಾತಿಗೆ ತಿರುಗಿಸಿದೆ.

"ನಿಮ್ಮಂಥ ಕಲ್ಲಿನ ಜೋಡಿ ಸಂಸಾರ ಮಾಡಿ ನನಗ ಸಾಕಾಗೇತ್ರಿ."

ಡ್ಯೂಕ್ ಆಗಿದ್ದರೆ ತಟ್ಟೆ ತಳ್ಳಿ ಏಳಬೇಕಿತ್ತು. ಇವರು ತಟ್ಟೆ ತೊಳೆದಿಟ್ಟು ಮಲಗಿದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಮರುದಿನ ನನಗೆ ಶಾಲೆ ರಜೆ; ಬೆಳಿಗ್ಗೆ ಎದ್ದು ನೋಡಿದರೆ ಅವರ ಬೈಕ್ ಇರಲಿಲ್ಲ. ಜಗಳವಾದರೆ ಹೆಂಡತಿ ತವರಿಗೆ ಹೋಗುವುದು ರೂಢಿ. ಇವರು ಅಂಗಡಿ ತೆರೆಯದೆ, ಒಂದು ಡಬ್ಬಿ ಕರದಂಟು ಹಿಡಿದುಕೊಂಡು, ತಾವೇ ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ, ನನ್ನ ತವರಿಗೆ, ನನಗೇನು ಬೇಸರವೆಂದು ಕೇಳಲು ಹೋಗಿದ್ದರು. ಮಧ್ಯಾಹ್ನ ಅದೇ ಬೈಕಿನಿಂದ ನನ್ನ ಅವ್ವ ಇಳಿದಳು. ಮಗಳ ಸಂಸಾರ ಮುರಿಯಿತೆಂದು ಅವಳ ಮುಖ ಬಿಳುಚಿಕೊಂಡಿತ್ತು.

ಅಡುಗೆಮನೆಗೆ ಕರೆದು, ಕುಡಿಯುತ್ತಾರಾ, ಹೊಡೆಯುತ್ತಾರಾ ಎಂದು ಒಂದೊಂದೇ ಕೇಳಿದಳು. ಎಲ್ಲಕ್ಕೂ ಇಲ್ಲವೆಂದೆ. ಹಾಗಾದರೆ ಮತ್ತೇನು ಎಂದಾಗ ಚಹಾಕ್ಕೆ ನೀರಿಟ್ಟೆ. ಡ್ಯೂಕ್‌ನ ಸಂಗತಿಯನ್ನು ಅವ್ವನಿಗೆ ಹೇಗೆ ಹೇಳಲಿ? ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಪಾಪ ಮಾಡಿದೆನೆನಿಸಿತು.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ಬಂದು ನಿಂತು, ತಪ್ಪು ತಮ್ಮದೇ ಇರಬೇಕು, ಯಾವುದೆಂದು ಮಾತ್ರ ತಿಳಿಯುತ್ತಿಲ್ಲ ಎಂದು ಅವ್ವನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನಗ ಜಗಳಾಡಾಕ ಬರೂದಿಲ್ಲ. ನೀ ಕಲಿಸಿದ್ರ ಕಲಿತೇನಿ."

ನನ್ನ ಪುಸ್ತಕಗಳಲ್ಲಿ ಕೊನೆಗೆ ಮೊಣಕಾಲೂರಿ ಕ್ಷಮೆ ಕೇಳುವವನು ಡ್ಯೂಕ್. ಇಲ್ಲಿ ಕೇಳಬೇಕಾದವಳು ನಾನು. ಇನ್ನೂ ಕೇಳಿಲ್ಲ, ಕೇಳಿದರೆ ಕಾರಣ ಹೇಳಬೇಕಾಗುತ್ತದೆ. ಪಲ್ಯಕ್ಕೆ ಮಾತ್ರ ಉಪ್ಪು ನೋಡಿ ನೋಡಿ ಹಾಕುತ್ತೇನೆ. ಅವರು ಈಗ ದಿನಾ ಮೊದಲ ತುತ್ತು ಬಾಯಿಗಿಟ್ಟು, ನಾನು ಕೇಳದಿದ್ದರೂ, ಉಪ್ಪು ಬರೋಬ್ಬರಿ ಐತಿ ಎನ್ನುತ್ತಾರೆ.