ಹುಲಿಗೆಪ್ಪನ ಒಣ ಜಳಕ

ಮಡಗಾಂವಿನ ಫ್ಲ್ಯಾಟುಗಳಲ್ಲಿ ಹುಲಿಗೆಪ್ಪನ ಕೆಲಸ ಕಂಡವರು ಮೊದಲು ನಗುತ್ತಿದ್ದರು, ಆಮೇಲೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಟೈಲ್ಸ್ ಕೂರಿಸುವ ಗೌಂಡಿಗಳು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಮಲಗುವ ಕೋಣೆಗೆ ಅಂಟಿಕೊಂಡ ಗೂಡಿನಂಥ ಬಾತ್ರೂಮಿನೊಳಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಅಂಗಿ ಚಡ್ಡಿ ತೊಟ್ಟುಕೊಂಡೇ ಜಳಕಕ್ಕೆ ನಿಲ್ಲುವ ಗೌಂಡಿ ಅವನೊಬ್ಬನೇ. ಇಲ್ಲದ ನಲ್ಲಿ ತಿರುಗಿಸುತ್ತಿದ್ದ. ಇಲ್ಲದ ಸಾಬೂನಿಗೆ ತಡಕಾಡುತ್ತಿದ್ದ. ಕಣ್ಣು ಮುಚ್ಚಿ ತಲೆ ಉಜ್ಜಿ, ಬಗ್ಗಿ ಹಿಮ್ಮಡಿ ತಿಕ್ಕುತ್ತಿದ್ದ. ಮೊಣಕೈ ಎಲ್ಲಿ ತಗಲಿತೋ ಅಲ್ಲಿ ಬೇಸಿನ್ ಇಡುತ್ತಿರಲಿಲ್ಲ, ಬೆನ್ನು ಎಲ್ಲಿ ತಗಲಿತೋ ಅಲ್ಲಿ ಬಾಗಿಲು ಒಳಕ್ಕೆ ತೆರೆಯಲು ಬಿಡುತ್ತಿರಲಿಲ್ಲ. ಇದಕ್ಕೆ ಅವನೇ ಇಟ್ಟ ಹೆಸರು ಒಣ ಜಳಕ. ಗೋಡೆ ಸರಿಯುವುದಿಲ್ಲ, ಆದ್ದರಿಂದ ಸಾಮಾನು ಸರಿಯಬೇಕು ಎಂದು ಮನೆಯ ಯಜಮಾನರಿಗೆ ಅರ್ಧ ಹಿಂದಿ ಅರ್ಧ ಕೊಂಕಣಿಯಲ್ಲಿ ಬೋಧನೆ ಮಾಡುತ್ತಿದ್ದ.

ತಮಾಷೆಯೆಂದರೆ, ಅಷ್ಟೊಂದು ಜನರ ಬಾತ್ರೂಮು ಹಿಗ್ಗಿಸಿದವನ ಮನೆಯಲ್ಲಿ ಬಾತ್ರೂಮೇ ಇರಲಿಲ್ಲ. ಕನ್ನಡ ನಾಡಿನಿಂದ ಬಂದ ಕೂಲಿಯವರೇ ತುಂಬಿದ ಝುವಾರಿನಗರದಲ್ಲಿ ಅವನದು ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ. ಅಡುಗೆ, ನಿದ್ದೆ, ನೆಂಟರು, ಜಗಳ ಎಲ್ಲ ಅದರೊಳಗೇ. ಒಂದು ಮೂಲೆಯಲ್ಲಿ ನೀರು ಹೊರಗೆ ಹರಿಯಲು ಒಂದು ತೂತು, ಅದರ ಮುಂದೆ ಹಗ್ಗಕ್ಕೆ ಇಳಿಬಿಟ್ಟ ಹಳೆಯ ಸೀರೆ. ಹೆಂಗಸರು ಜಳಕಕ್ಕೆ ಹೋದರೆ ಗಂಡಸಾದವನು ಓಣಿಗೆ ಹೋಗಿ ನಿಲ್ಲಬೇಕು. ಇಪ್ಪತ್ತೆರಡು ವರ್ಷ ಹುಲಿಗೆಪ್ಪ ಹಾಗೆ ಓಣಿಯಲ್ಲಿ ನಿಂತು ಬೀಡಿ ಸೇದಿದ್ದ. ಹೆಂಡತಿ ಲಕ್ಷ್ಮವ್ವ ಒಂದು ದಿನವೂ ಬಚ್ಚಲು ಕಟ್ಟಿಸು ಅನ್ನಲಿಲ್ಲ, ಅವನಿಗೂ ಅದು ತಲೆಗೆ ಹೋಗಲಿಲ್ಲ.

ತಲೆಗೆ ಹೋಗುವಂತೆ ಮಾಡಿದ್ದು ಬೀಗತಿಯ ಫೋನು. ಅದು ಎರಡು ಸಾವಿರದ ಎಂಟನೆಯ ಇಸವಿ. ಗದಗ ಕಡೆ ಕೊಟ್ಟಿದ್ದ ಒಬ್ಬಳೇ ಮಗಳು ಶೈಲಾ ಬಸುರಿ, ಏಳನೆಯ ತಿಂಗಳು. ಸೀಮಂತದ ಕುಬಸ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಎಲ್ಲ ಕಡೆಯ ಪದ್ಧತಿ. ಲಕ್ಷ್ಮವ್ವ ಆಗಲೇ ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿಟ್ಟಿದ್ದಳು, ಖಾರ-ಕೊಬ್ಬರಿ ಕುಟ್ಟಿಟ್ಟಿದ್ದಳು. ಅಷ್ಟರಲ್ಲಿ ಬೀಗತಿ ಫೋನಿನಲ್ಲಿ ಮೆತ್ತಗೆ, ಬೈಯದೆಯೇ, ಬೈದದ್ದಕ್ಕಿಂತ ಜಾಸ್ತಿ ಅಂದಳು.

“ಚೊಚ್ಚಲ ಬಾಣಂತಿನ್ನ ಸೀರಿ ಮರಿಗೆ ಕುಂದ್ರಿಸಿ ಎರೀತೀರೇನ್ರಿ? ನಮ್ಮಲ್ಲೇ ಆಗ್ಲಿ ಬಿಡ್ರಿ. ನಮ್ಮನ್ಯಾಗ ಬಚ್ಚಲಾ ಐತಿ.”

ಲಕ್ಷ್ಮವ್ವ ಫೋನು ಇಟ್ಟು ಒಲೆಯ ಮುಂದೆ ಕೂತಳು. ಅಳಲಿಲ್ಲ. ಅವಳ ಚೊಚ್ಚಲ ಹೆರಿಗೆ ಇದೇ ಕೋಣೆಯಲ್ಲಿ ಆಗಿತ್ತು, ಅವಳಿಗೆ ತವರೆಂಬುದು ಆಗಲೇ ಇರಲಿಲ್ಲ. ತನಗೆ ಸಿಗದ್ದನ್ನು ಮಗಳಿಗೆ ಕೊಡಬೇಕೆಂಬುದು ಆ ಹೆಂಗಸಿನ ಒಂದೇ ಒಂದು ಆಸೆ. ಅದು ಹುಲಿಗೆಪ್ಪನಿಗೆ ಗೊತ್ತಿತ್ತು, ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದ. ಅವನೇ ತಿರುಗಿ ಫೋನು ಹಚ್ಚಿದ. ಹದಿನೈದು ದಿನ ಬಿಟ್ಟು ಶೈಲಾಳನ್ನು ಕರೆದುಕೊಂಡು ನೀವೇ ಬನ್ನಿ, ಬಚ್ಚಲು ನೋಡಿ, ಮನಸ್ಸಿಗೆ ಬಂದರೆ ಮಗಳನ್ನು ಬಿಟ್ಟು ಹೋಗಿ, ಬರದಿದ್ದರೆ ಮರುದಿನದ ರೈಲಿಗೆ ವಾಪಸು ಕರೆದುಕೊಂಡು ಹೋಗಿ ಎಂದ. ಬೀಗತಿ ಒಪ್ಪಿದಳು.

ಆಮೇಲೆ ಹುಲಿಗೆಪ್ಪನಿಗೆ ಹಿಡಿದ ಹುಚ್ಚನ್ನು ಓಣಿಯವರೆಲ್ಲ ನೋಡಿದರು. ಮೂಲೆಯ ಸೀರೆ ಕಿತ್ತು, ನಾಲ್ಕಡಿಗೆ ಮೂರಡಿ ಗೆರೆ ಎಳೆದ. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ರಾತ್ರಿ ಒಬ್ಬರು ನಿಂತೇ ಮಲಗಬೇಕಾಗುತ್ತಿತ್ತು. ಮಡಗಾಂವಿನಲ್ಲಿ ಕೆಲಸ ಕೊಡಿಸುವ ಗುತ್ತಿಗೆದಾರ ಗೋಪಪ್ಪನನ್ನು ಕಾಡಿ ಬೇಡಿ, ಉಳಿದುಬಿದ್ದ ಟೈಲ್ಸ್ ತಂದ, ಗೋಡೆಗೆ ತೂತು ಕೊರೆಯುವ ಡ್ರಿಲ್ ಮಷಿನ್ನೂ ತಂದ. ವೆರ್ಣಾದ ಕಾರ್ಖಾನೆಯೊಂದರಿಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳು ಬಂದವು. ಲಕ್ಷ್ಮವ್ವ ಸಿಮೆಂಟು ಕಲಸಿದಳು, ಇಟ್ಟಿಗೆ ಎತ್ತಿಕೊಟ್ಟಳು.

ಎಷ್ಟೋ ಫ್ಲ್ಯಾಟುಗಳಲ್ಲಿ ಕಲಿತ ವಿದ್ಯೆಯನ್ನೆಲ್ಲ ಹುಲಿಗೆಪ್ಪ ಆ ಮೂಲೆಗೆ ಸುರಿದ. ಬಾಗಿಲು ತೆರೆಯಲು ಜಾಗ ಹಾಳಾಗಬಾರದೆಂದು ಹೊರಗಡೆ ಪಟ್ಟಿ ಹೊಡೆದು, ಪಕ್ಕಕ್ಕೆ ಸರಿಯುವ ಬಾಗಿಲು ಮಾಡಿದ. ನೆಲಕ್ಕೂ ಗೋಡೆಗೂ ಒಂದೇ ಬಿಳಿ ಟೈಲ್ಸ್, ಅದೂ ಓರೆಯಾಗಿ. ಓರೆ ಗೆರೆಯ ಮೇಲೆ ಕಣ್ಣು ದೂರ ಓಡುತ್ತದೆ, ಜಾಗ ದೊಡ್ಡದೆನಿಸುತ್ತದೆ. ಒಂದು ಮೂಲೆಗೆ ಕಲ್ಲಿನ ಮೂರು ತ್ರಿಕೋನ ಗೂಡು, ಸಾಬೂನು, ಎಣ್ಣೆ, ಸೀಗೆಪುಡಿಗೆ. ಒಲೆಯ ಕಡೆಯ ಗೋಡೆಯಲ್ಲಿ ಒಂದು ಕಿಂಡಿ, ಬಿಸಿನೀರಿನ ಕೊಡ ಅಲ್ಲಿಂದಲೇ ಒಳಗೆ ಕೊಡಬಹುದು, ಬಾಗಿಲು ತೆರೆಯಬೇಕಿಲ್ಲ. ಒಡೆದ ಕಪಾಟಿನ ಕನ್ನಡಿಯನ್ನು ಹೊರಗೋಡೆಯಲ್ಲಿ ಕೊರೆದ ಪುಟ್ಟ ಕಿಟಕಿಯ ಎದುರಿಗೆ ಕೂರಿಸಿದಾಗ ಬೆಳಕು ಎರಡು ಪಟ್ಟಾಯಿತು. ಎಲ್ಲಕ್ಕಿಂತ ಅವನ ಹೆಮ್ಮೆಯೆಂದರೆ ಕಟ್ಟೆ. ಉದ್ದದ ಒಂದು ತುದಿಗೆ ಒಂದಡಿ ಅಗಲದ ಇಟ್ಟಿಗೆಯ ಕಟ್ಟೆ ಕಟ್ಟಿ, ಅದಕ್ಕೂ ಟೈಲ್ಸ್ ಹೊದಿಸಿದ. ಬಾಣಂತಿ ರಾಣಿಯ ಹಾಗೆ ಕೂರಬೇಕು, ಅದಕ್ಕೆ.

ಕೆಲಸ ಮುಗಿದ ದಿನ ಓಣಿಗೆ ಹಬ್ಬ. ಒಬ್ಬೊಬ್ಬರೇ ಒಳಗೆ ಹೋಗಿ ಒಣ ಜಳಕ ಮಾಡಿ ಬಂದರು. ಪಕ್ಕದ ಮನೆಯ ರೂಪಿಬಾಯಿ, ಬೀಚಿನಲ್ಲಿ ಕನ್ನಡಿ ಹೊಲಿದ ಚೀಲ ಮಾರುವವಳು, ಬಾಗಿಲು ಸರಿಸಿ ಸರಿಸಿ ನೋಡಿ, ಇದು ಒಂದು ಬಾತ್ರೂಮಲ್ಲ, ಕನ್ನಡಿಯೊಳಗೆ ಇನ್ನೊಂದಿದೆ ಎಂದಳು. ಹುಲಿಗೆಪ್ಪನ ಕಾಲು ನೆಲದ ಮೇಲಿರಲಿಲ್ಲ. ಇದಕ್ಕೆ ಅಟ್ಯಾಚ್ಡ್ ಬಾತ್ರೂಮ್ ಅನ್ನುತ್ತಾರೆ, ಮಡಗಾಂವಿನ ದೊಡ್ಡವರ ಮನೆಯಲ್ಲೇ ಇರೋದು ಎಂದು ಬಂದವರಿಗೆಲ್ಲ ಹೇಳಿದ. ಮನೆಯೇ ಒಂದು ಕೋಣೆ ಆದಮೇಲೆ ಬಚ್ಚಲು ಅಟ್ಯಾಚ್ಡ್ ಆಗದೆ ಎಲ್ಲಿಗೆ ಹೋದೀತು ಎಂದು ಯಾರೂ ಕೇಳಲಿಲ್ಲ.

ಲಕ್ಷ್ಮವ್ವ ಮಾತ್ರ ಬಾಗಿಲಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದಳು. ಒಮ್ಮೆ ಚಾಚಿಯನ್ನು ಕರೆಯಲೇ ಎಂದು ಕೇಳಿದಳು. ಚಾಚಿ ಎಂದರೆ ಓಣಿಯ ಕೊನೆಯ ಮನೆಯ ಜೈತುನಬಿ. ಆ ಸುತ್ತಿನಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಎರೆಯುವವಳು ಅವಳೇ. ಚಾಚಿಗೆ ಟೈಲ್ಸಿನ ವಿಷಯ ಏನು ಗೊತ್ತು ಎಂದು ಹುಲಿಗೆಪ್ಪ ನಕ್ಕುಬಿಟ್ಟ. ಆದರೆ ಬೀಗತಿ ಬರುವ ದಿನ ಬೆಳಿಗ್ಗೆ ಲಕ್ಷ್ಮವ್ವ ಹೇಳದೆ ಕೇಳದೆ ಹೋಗಿ ಕರೆದುಕೊಂಡು ಬಂದೇಬಿಟ್ಟಳು.

ಜೈತುನಬಿ ಉದ್ದನೆಯ ಹೆಂಗಸು, ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಕನ್ನಡಿ ನೋಡಲಿಲ್ಲ, ಓರೆ ಟೈಲ್ಸ್ ನೋಡಲಿಲ್ಲ. ಒಂದು ಟವೆಲ್ಲನ್ನು ಕೂಸಿನ ಹಾಗೆ ಸುತ್ತಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಳು. ಉರ್ದುವಿನಲ್ಲಿ ಚಾಚಿ ಎಂದರೆ ಚಿಕ್ಕಮ್ಮ. ಕನ್ನಡದಲ್ಲಿ ಅದೇ ಮಾತಿಗೆ ಬೇರೆ ಅರ್ಥ ಇದೆಯಷ್ಟೆ: ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಎರಡು ಕಾಲಿನ ನಡುವಿನ ಕಣಿವೆಯಲ್ಲಿ ಕೂಸನ್ನು ಮಲಗಿಸಿಕೊಂಡು ಎರೆಯುವವಳು ಅವಳು. ಕಾಲು ಚಾಚಹೋದಳು. ಅಂಗಾಲು ಹುಲಿಗೆಪ್ಪನ ಹೆಮ್ಮೆಯ ಕಟ್ಟೆಗೆ ಬಡಿಯಿತು. ಮೊಣಕಾಲು ಮೇಲೆದ್ದು ನಿಂತವು. ಟವೆಲ್ಲು ಜಾರಿ ಹೊಟ್ಟೆಗೆ ಬಂದು ಬಿತ್ತು. ಮೂಲೆಯಿಂದ ಮೂಲೆಗೆ ಕೂತು ನೋಡಿದಳು, ಅಲ್ಲಿಯೂ ಕಟ್ಟೆಯ ಮೂಗು ಅಡ್ಡ.

“ಲೇ ಹುಲಿಗೆಪ್ಪಾ, ಕೂಸು ನಿಂತ್ಕೊಂಡು ಜಳಕಾ ಮಾಡ್ತೈತೇನೋ?” ಎಂದಳು. “ನಿನ್ನ ಶೈಲಾಗ ಎರಿಯುವಾಗ ನನ್ನ ಕಾಲು ಸೀರಿ ದಾಟಿ ನಿಮ್ಮ ಒಲಿ ಮಟಾ ಹೋಗ್ತಿದ್ವು. ಸೀರಿ ಸರೀತಿತ್ತು. ನಿನ್ನ ಗ್ವಾಡಿ ಸರೀತೈತೇನು?”

ಹದಿನೈದು ದಿನದಲ್ಲಿ ಹುಲಿಗೆಪ್ಪ ಅದೆಷ್ಟು ಸಲ ಆ ಗೆರೆಯೊಳಗೆ ಒಣ ಜಳಕ ಮಾಡಿದ್ದನೋ. ಒಂದು ಸಲವೂ ನೆಲಕ್ಕೆ ಕೂತಿರಲಿಲ್ಲ. ಮಗಳಿಗೆ ಎರೆಯುವಾಗೆಲ್ಲ ಅವನು ಓಣಿಯಲ್ಲಿ ಬೀಡಿ ಸೇದುತ್ತಿದ್ದ. ಕೂಸಿನ ಜಳಕ ಹೇಗಿರುತ್ತದೆ ಎಂದು ನೋಡಿದವನೇ ಅಲ್ಲ. ಲಕ್ಷ್ಮವ್ವನ ಮುಖ ನೋಡಿದ. ಅವಳು ಇಷ್ಟು ದಿನ ನೆಲ ನೋಡುತ್ತ ನಿಂತದ್ದು ಏಕೆಂದು ಆಗ ತಿಳಿಯಿತು.

“ಅವತ್ತ ಯಾಕ ಹೇಳ್ಲಿಲ್ಲಾ?” ಎಂದ.

“ನಿಮ್ಮ ಮಾರಿ ನೋಡಿ ಬಾಯಿ ಬರ್ಲಿಲ್ರಿ,” ಎಂದಳು ಲಕ್ಷ್ಮವ್ವ. “ಭಾಳ ಖುಷೀಲಿದ್ರಿ.”

ಆಗ ಹತ್ತು ಗಂಟೆ. ರೈಲು ಮಧ್ಯಾಹ್ನ ಮಡಗಾಂವಿಗೆ ಬರುತ್ತಿತ್ತು. ಅಲ್ಲಿಂದ ಬಸ್ಸು ಹಿಡಿದು ನಾಲ್ಕು ಗಂಟೆಯೊಳಗೆ ಬೀಗತಿ ಬಾಗಿಲಲ್ಲಿ. ಹುಲಿಗೆಪ್ಪ ಒಂದು ಗಳಿಗೆ ಕಟ್ಟೆಯ ಮೇಲೆ ಕೈಯಾಡಿಸಿದ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಚಾಚಿಯನ್ನು ಬಾಗಿಲ ಹೊರಗೆ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂರಿಸಿ, ಬೆನ್ನಿನಿಂದ ಹಿಮ್ಮಡಿಯವರೆಗೆ ಗೆರೆ ಎಳೆದು ಅಳೆದ. ಮೂರೂವರೆ ಅಡಿ. ಝುವಾರಿನಗರದಲ್ಲಿ ಅದಕ್ಕಿಂತ ಉದ್ದದ ಕಾಲು ಇರಲಿಕ್ಕಿಲ್ಲ. ಸುತ್ತಿಗೆ, ಚಾಣ ತೆಗೆದುಕೊಂಡು ಒಳಗೆ ಹೋಗಿ ತನ್ನ ರಾಣಿಕಟ್ಟೆಯ ನೆತ್ತಿಗೆ ಮೊದಲ ಏಟು ಹಾಕಿದ.

ಬೇಸರ ಆಗಬೇಕಿತ್ತು. ಆಗಲಿಲ್ಲ. ಏಟು ಏಟಿಗೂ ಅವನಿಗೆ ಉಮೇದು ಏರುತ್ತ ಹೋಯಿತು, ಯಾಕೆಂದರೆ ಕಟ್ಟೆಯ ಬದಲು ಏನು ಬರಬೇಕೆಂದು ಆಗಲೇ ಕಣ್ಣಿಗೆ ಕಾಣುತ್ತಿತ್ತು. ಮಡಚುವ ಹಲಗೆ! ರೈಲಿನಲ್ಲಿ ಮಲಗುವ ಹಲಗೆ ಇರುತ್ತದಲ್ಲ, ಹಾಗೆ. ನೆಲಕ್ಕೆ ಮೊದಲೇ ಟೈಲ್ಸ್ ಹಾಕಿ ಅದರ ಮೇಲೆ ಕಟ್ಟೆ ಕಟ್ಟಿದ್ದೇ ಪುಣ್ಯವಾಯಿತು, ಕೆಳಗಿನ ನೆಲ ಅಷ್ಟಿಷ್ಟು ಗೀರು ಬಿದ್ದು ಉಳಿಯಿತು. ಗೋಡೆಯ ಮೇಲೆ ಕಟ್ಟೆ ಕಿತ್ತ ಗಾಯ ಅಸಹ್ಯವಾಗಿ ಕಂಡಿತು. ಲಕ್ಷ್ಮವ್ವ ಉಳಿದ ಪೆಟ್ಟಿಗೆ ಹಲಗೆಗಳಲ್ಲೇ ದಪ್ಪಗಿದ್ದುದನ್ನು ಹುಡುಕಿ ತಂದು, ಗಾಯದ ಮೇಲೆ ಹಿಡಿದು ತೋರಿಸಿದಳು. ಹಲಗೆ ಮೇಲಕ್ಕೆ ಮಡಚಿದಾಗ ಗಾಯ ಮುಚ್ಚುತ್ತಿತ್ತು. ರೂಪಿಬಾಯಿ ತನ್ನ ಹಳೆಯ ಟ್ರಂಕಿನ ಸರಪಳಿ ಬಿಚ್ಚಿ ಕೊಟ್ಟಳು. ಹುಲಿಗೆಪ್ಪ ಡ್ರಿಲ್ಲಿನಿಂದ ಗೋಡೆ ಕೊರೆದು ಬಿಜಾಗರಿ ಕೂರಿಸಿದ, ಎರಡು ಕಡೆ ಸರಪಳಿ ಬಿಗಿದ, ಹಲಗೆ ಇಳಿಸಿ ತಾನೇ ಮೂರು ಸಲ ಕುಪ್ಪಳಿಸಿ ಕೂತು ನೋಡಿದ. ಬಾಣಂತಿಗೆ ಬೇಕಾದಾಗ ಹಲಗೆ ಕೆಳಗೆ, ಕೂಸಿಗೆ ಬೇಕಾದಾಗ ಮೇಲೆ. ಮೂರೂ ಮುಕ್ಕಾಲಿಗೆ ಲಕ್ಷ್ಮವ್ವ ಕೊನೆಯ ಇಟ್ಟಿಗೆ ಚೂರು ಗುಡಿಸಿ ಹೊರಗೆ ಹಾಕಿದಳು.

ನಾಲ್ಕು ಗಂಟೆಗೆ ಬೀಗತಿ ಬಂದಳು. ತುಂಬು ಮೈಯ ಗಟ್ಟಿ ಹೆಂಗಸು. ಹಿಂದೆ ಶೈಲಾ, ಹೊಟ್ಟೆ ಮುಂದೆ ಮಾಡಿಕೊಂಡು, ಅಪ್ಪನ ಕೂದಲಲ್ಲಿ ಸಿಮೆಂಟಿನ ಧೂಳು ಕಂಡು ನಗುತ್ತ. ಶೈಲಾಳ ಬಟ್ಟೆಯ ಚೀಲವನ್ನು ಬೀಗತಿ ಒಳಗೆ ತರಲಿಲ್ಲ, ಹೊಸ್ತಿಲ ಹೊರಗೇ ಇಟ್ಟಳು. ಲಕ್ಷ್ಮವ್ವ ನೀರು ಕೊಟ್ಟಳು, ಆದರೆ ಅವಳ ಕಣ್ಣು ಆ ಚೀಲ ಬಿಟ್ಟು ಕದಲಲಿಲ್ಲ.

ಬೀಗತಿ ನೀರು ಕುಡಿದು, ಎದ್ದು, ಬಚ್ಚಲಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೊರಗೆ ಮೂವರು ಬಾಗಿಲನ್ನೇ ನೋಡುತ್ತ ಕೂತರು. ಸರಪಳಿಯ ಸದ್ದು ಬಂತು: ಹಲಗೆ ಇಳಿಯಿತು. ಮತ್ತೆ ಸರಪಳಿ: ಹಲಗೆ ಮೇಲಕ್ಕೆ ಹೋಯಿತು. ಆಮೇಲೆ ನೆಲಕ್ಕೆ ಭಾರವಾಗಿ ಏನೋ ಕೂತ ಸದ್ದು. ಹುಲಿಗೆಪ್ಪನಿಗೆ ಥಟ್ಟನೆ ಹೊಳೆಯಿತು. ಅವಳೂ ಒಣ ಜಳಕ ಮಾಡುತ್ತಿದ್ದಾಳೆ, ಅದೂ ಕಾಲು ಚಾಚಿ!

ಒಲೆಯ ಕಡೆಯ ಕಿಂಡಿಯಲ್ಲಿ ಬೀಗತಿಯ ಮುಖ ಕಾಣಿಸಿತು.

“ಲಕ್ಷ್ಮವ್ವಾ, ಒಂದ್ ಕೊಡಾ ಬಿಸ್ನೀರ್ ಕೊಡ್ರಿ. ರೈಲಿನಾಗ ಮೈಯೆಲ್ಲಾ ಧೂಳಾಗೇತಿ,” ಎಂದಳು. ಕಿಂಡಿಯಿಂದಲೇ ಹೊಸ್ತಿಲ ಕಡೆ ನೋಡಿ, “ಮತ್ತ ಆ ಚೀಲಾ ಯಾಕ ಹೊರಗ ಐತಿ? ಒಳಗ ಇಡ್ರಿ, ಯಾರರ ಒಯ್ದಾರು,” ಎಂದಳು.

ಚೀಲ ಒಳಗೆ ತಂದದ್ದು ಲಕ್ಷ್ಮವ್ವ. ತಂದು ಎಲ್ಲಿಡಬೇಕೆಂದು ತೋಚದೆ ಎದೆಗೆ ಅವಚಿಕೊಂಡೇ ನಿಂತಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಿಸಿನೀರಿನ ಕೊಡ ಕಿಂಡಿಯಲ್ಲಿ ಇಟ್ಟು ಹುಲಿಗೆಪ್ಪ ಓಣಿಗೆ ಓಡಿದ. ಹಾಗೆ ಓಡಬೇಕಾಗಿಲ್ಲ, ಈಗ ಗೋಡೆ ಇದೆ, ಬಾಗಿಲಿದೆ ಎಂದು ನೆನಪಾದದ್ದು ಬೀಡಿ ಹಚ್ಚಿದ ಮೇಲೆ.

ಎರಡು ತಿಂಗಳಿಗೆ ಶೈಲಾಗೆ ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಎರೆಯುವ ದಿನ ಹುಲಿಗೆಪ್ಪ ಕೆಲಸಕ್ಕೆ ಹೋಗಲಿಲ್ಲ. ಓಣಿಗೂ ಹೋಗಲಿಲ್ಲ. ಸರಿಯುವ ಬಾಗಿಲಿಗೆ ಬೆನ್ನು ಕೊಟ್ಟು ಕೋಣೆಯಲ್ಲೇ ಕೂತ. ಒಳಗೆ ಚಾಚಿಯ ತಂಬಿಗೆಯ ಸದ್ದು, ಲಕ್ಷ್ಮವ್ವನ ಗಡಿಬಿಡಿ. ಮೊದಲ ನೀರಿಗೆ ಕೂಸು ಕಿರುಚಿತು. ಎರಡನೆಯದಕ್ಕೂ ಕಿರುಚಿತು. ಆಮೇಲೆ, ಬಿಸಿನೀರು ಹಿತವಾಯಿತೋ ಏನೋ, ಸುಮ್ಮನಾಯಿತು. ನೀರು ಹರಿಯುವ ಸದ್ದು ಮಾತ್ರ ಉಳಿಯಿತು. ಹುಲಿಗೆಪ್ಪನಿಗೆ ಬಾಗಿಲು ಸರಿಸಿ ಕೇಳಬೇಕೆನಿಸಿತು, ಕೇಳುವುದು ಹೇಗೆ ಎಂದು ತಿಳಿಯದೆ ಹಲಗೆಯ ಬಾಗಿಲ ಮೇಲೆ ಮೆಲ್ಲಗೆ ಬೆರಳು ಬಡಿದ.

ಒಳಗಿನಿಂದ ಚಾಚಿಯ ದನಿ ಬಂತು, ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು.

“ಕಾಲು ಪೂರಾ ಚಾಚೀನೋ ಹುಲಿಗೆಪ್ಪಾ. ಇನ್ನೂ ನಾಕ್ ಬೆರಳ ಜಾಗಾ ಉಳದೈತಿ.”