ಹೆಸರಿಲ್ಲದ ರಸ್ತೆಯ ವಿಳಾಸ

ಆ ರಸ್ತೆಗೆ ಬೋರ್ಡೇ ಇರಲಿಲ್ಲ. ಪಿಂಪ್ರಿ ಕಾರ್ಖಾನೆಗಳ ಲಾರಿಗಳು ಪುಣೆಯ ಪೇಟೆಯೊಳಗೆ ನುಗ್ಗದಿರಲಿ ಎಂದು ಎಪ್ಪತ್ತರ ದಶಕದಲ್ಲಿ ಹಾಕಿದ ಎರಡು ಮೈಲಿ ಬಳಸುದಾರಿ ಅದು. ಯೆರವಡಾ ಜೈಲಿನ ಗೋಡೆಯಾಚೆ ಶುರು, ಕಲ್ಲಿನ ಕ್ವಾರಿಯ ಬಳಿ ಒಂದು ತಿರುವು, ಮೋರಿ ದಾಟಿದರೆ ದೊಡ್ಡ ರಸ್ತೆ. ಅಷ್ಟೇ. ಹಾಕಿದವರು ಕಲಬುರ್ಗಿ ಕಡೆಯಿಂದ ಬಂದ ನಮ್ಮ ಜನ. ನನ್ನವ್ವ ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಬಿಸಿ ಡಾಂಬರಿನ ಮೇಲೆ ಜಲ್ಲಿ ಚೆಲ್ಲಿದವಳು. ಕೆಲಸ ಮುಗಿದ ಮೇಲೂ ನಾವು ಮೋರಿಯ ಪಕ್ಕದ ಗುಡಿಸಲಲ್ಲೇ ಉಳಿದೆವು.

ನನಗೆ ಏಳು ತುಂಬಿದಾಗ, "ಈಕೀನ್ನ ಸಾಲಿಗಿ ಹಾಕಾಕೇ ಬೇಕು" ಎಂದು ಅವ್ವ ಹಟ ಹಿಡಿದಳು. ಇಲ್ಲವಾದರೆ ಅವಳೊಟ್ಟಿಗೆ ನಾನೂ ಕ್ವಾರಿಯಲ್ಲಿ ಜಲ್ಲಿ ಹೊರಬೇಕಿತ್ತು.

ಶಾಲೆಯ ಗುಮಾಸ್ತ ಅರ್ಜಿ ತುಂಬುತ್ತಾ ಮರಾಠಿಯಲ್ಲಿ ಕೇಳಿದ: "ರಸ್ತ್ಯಾಚಂ ನಾವ್?" ರಸ್ತೆಯ ಹೆಸರೇನು ಅಂತ. ಅವ್ವನಿಗೆ ಕೇಳಿಸಿದ್ದು ನಮ್ಮ ಕನ್ನಡದ 'ನಾವು'. ಮುಖ ಅರಳಿತು.

"ಹೌದ್ರಿ, ನಾವ! ಖಡಿಕಲ್ಲ ನಾವ ಒಡದೀವಿ, ಡಾಂಬರ ನಾವ ಹಾಕೀವಿ!"

ಆತ ನಕ್ಕು ಅರ್ಜಿಯನ್ನು ವಾಪಸು ತಳ್ಳಿದ. ವಿಳಾಸವಿಲ್ಲದೆ ದಾಖಲಾತಿ ಇಲ್ಲವಂತೆ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅವ್ವ ಮಾತ್ರ ಬಾಗಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. "ಬರಕೊಳ್ಳೂತನಾ ಜಾಗಾ ಬಿಡಾಂಗಿಲ್ಲ. ಏನ್ ಮಾಡ್ತಾರ ಮಾಡ್ಲಿ!" ಎಂಥ ಹೆಂಗಸಪ್ಪಾ!

ಮಧ್ಯಾಹ್ನ ಮುಖ್ಯ ಶಿಕ್ಷಕಿ ಹೊರಗೆ ಬಂದು, ಅರ್ಜಿ ಕೈಗೆತ್ತಿಕೊಂಡು, ನಿಮ್ಮ ಮನೆ ತೋರಿಸು ನಡಿ ಎಂದರು. ದಾರಿಯುದ್ದಕ್ಕೂ ಅವ್ವ ಹೇಳುವುದು, ನಾನು ಮರಾಠಿಗೆ ತಿರುಗಿಸುವುದು. ಇಲ್ಲಿ ಬರೀ ಕೆಸರಿತ್ತು, ಇಲ್ಲಿ ರೋಲರ್ ಹೂತುಕೊಂಡಿತ್ತು. ಮೋರಿಯ ಹತ್ತಿರ ನಿಂತು, "ಈಕೀನ್ನ ಇಲ್ಲೇ ಹಡದೀನ್ರಿ" ಎಂದಳು. ನನಗೇ ಗೊತ್ತಿರಲಿಲ್ಲ! ನಾಚಿಕೆಯಾಗಿ ಅದೊಂದನ್ನು ಮರಾಠಿಗೆ ತಿರುಗಿಸದೆ ಬಿಟ್ಟೆ.

"ಹೇಳು, ಕಳವು ಮಾಡೀನೇನ ನಾ?" ಎಂದು ಅವ್ವ ಗದರಿದಳು. ಹೇಳಿದೆ.

ಶಿಕ್ಷಕಿ ಮೋರಿಯ ಕಟ್ಟೆಯ ಮೇಲೆ ಅರ್ಜಿಯಿಟ್ಟು, ವಿಳಾಸದ ಜಾಗದಲ್ಲಿ 'ಮೋರಿಯ ಪಕ್ಕ' ಎಂದು ಬರೆದು, ಅವ್ವನ ಹೆಬ್ಬೆರಳಿಗೆ ಪೆನ್ನಿನ ಶಾಯಿ ಸವರಿದರು. ಮೂರು ಸಲ ಒತ್ತಿಸಿದರೂ ಬರೀ ಮಸಿ. ಬೆರಳಲ್ಲಿ ಗೆರೆಯೇ ಇರಲಿಲ್ಲ, ಜಲ್ಲಿ ಸವೆಸಿಬಿಟ್ಟಿತ್ತು. ಅವ್ವನ ಮುಖ ಕಪ್ಪಿಟ್ಟಿತು. ಶಿಕ್ಷಕಿ ಆ ಬೆರಳನ್ನೇ ನೋಡಿ, ಅರ್ಜಿ ಮಡಚಿಟ್ಟುಕೊಂಡು, ನನಗೆ ಮರಾಠಿಯಲ್ಲಿ ಹೇಳಿದರು.

"ಏನಂದ್ರ?"

"ನಾಳಿಂದ ಸಾಲಿಗಿ ಬಾ ಅಂದ್ರು."

ಅವ್ವ ನಡುರಸ್ತೆಯಲ್ಲೇ ಕುಕ್ಕರಿಸಿ ಅತ್ತಳು. ಹಿಂದೆ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಅವಳು ಪೂರ್ತಿ ಅತ್ತು ಮುಗಿಸಿಯೇ ಎದ್ದಳು.