ಮೂರು ತಂತಿಯ ಮೂಗು

ನನಗೊಂದು ಮೂಗಿದೆ ಎಂಬುದು ನನಗೆ ನೆನಪಾಗುವುದು ನೆಗಡಿಯಾದಾಗ ಮಾತ್ರ. ಊದುಬತ್ತಿಗೂ ಬೀಡಿಗೂ ವ್ಯತ್ಯಾಸ ತಿಳಿಯದ ಈ ಅಂಗವನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ. ಕನ್ನಡಕ ಕೆಳಗೆ ಬೀಳದಂತೆ ಹಿಡಿದುಕೊಂಡಿದೆ, ಅಷ್ಟೇ ಅದರ ಉಪಕಾರ. ಇಂಥವನು ತನ್ನ ಕಾರಿಗೊಂದು ಮೂಗು ಹಚ್ಚಲು ಹೋದ ಕಥೆ ಕೇಳಿ ನೀವು ನಕ್ಕರೆ ಬೇಸರವಿಲ್ಲ. ಅರ್ಧ ದಾರಿಯವರೆಗೆ ನಾನೂ ನಗುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಗದಗಿನಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಕಲಿಸುತ್ತ, ಮನೆಯಲ್ಲಿ ಒಂದು ಮುದಿ ಕಾರನ್ನು ಸಾಕಿಕೊಂಡಿದ್ದೆ. ಮುಂಬಯಿ ಬಂದರಿನಲ್ಲಿ ನೌಕರಿಯಲ್ಲಿದ್ದ ನನ್ನ ಹೆಂಡತಿಯ ತಮ್ಮ, ಗುಜರಿಗೆ ಬಂದ ವಿದೇಶಿ ಕಾರಿನಿಂದ ಬಿಚ್ಚಿದ ಹೆಬ್ಬೆರಳ ಗಾತ್ರದ ಸಾಮಾನೊಂದನ್ನು ತಂದುಕೊಟ್ಟ. ಅದೇ ಆಕ್ಸಿಜನ್ ಸೆನ್ಸರ್. ಹೊಗೆ ಕೊಳವೆಯಲ್ಲಿ ತಿರುಪಿ ಕೂಡಿಸಿದರೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ, ಒಂದು ವೋಲ್ಟಿನೊಳಗೆ ತನ್ನ ಅಭಿಪ್ರಾಯ ಹೇಳುತ್ತದೆ. ಮೀಟರಿನ ಸೂಜಿ ಅರ್ಧ ವೋಲ್ಟಿನ ಮೇಲೆ ಹೋದರೆ ಇಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿದೆ, ಕೆಳಗಿಳಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಆದರೆ ಚೆನ್ನಾಗಿ ಕಾಯದ ಹೊರತು ಅದು ಬಾಯಿ ಬಿಡುವುದಿಲ್ಲ, ಚಹಾ ಕುಡಿಯದೆ ಕಡತ ಮುಟ್ಟದ ನಮ್ಮ ಕಾಲೇಜಿನ ಗುಮಾಸ್ತರ ಹಾಗೆ. ಅದನ್ನು ಕಾಯಿಸಲೆಂದೇ ಒಳಗೊಂದು ಪುಟ್ಟ ಹೀಟರು. ಎರಡು ಬಿಳಿ ತಂತಿ ಹೀಟರಿನವು. ಕರಿಯದೊಂದು ಸುದ್ದಿ ತರುವ ತಂತಿ.

ಬೆಟಗೇರಿಯ ಮೆಕ್ಯಾನಿಕ್ ಖಾದರಸಾಬ ನನ್ನ ಓರಗೆಯವನು. ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಯನ್ನು ಬೊಗಸೆಯಲ್ಲಿ ಹಿಡಿದು ಮೂಸಿ, ಕಾರ್ಬೊರೇಟರಿನ ತಿರುಪನ್ನು ಇಷ್ಟೇ ಇಷ್ಟು ತಿರುಗಿಸುವುದು ಅವನ ಪದ್ಧತಿ. ನನ್ನ ಸಾಮಾನನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂಗು ಮನಷ್ಯಾಗ ಇದ್ರ ಸಾಕಲ್ರೀ ಸರ, ಗಾಡಿಗಿ ಯಾಕ?" ಎಂದ. ಆದರೂ ಕೊಳವೆಗೆ ತೂತು ಕೊರೆದು, ಬೆಸುಗೆ ಹಾಕಿ ಕೂಡಿಸಿಕೊಟ್ಟ. ತಂತಿಯ ಕೆಲಸ ಮಾತ್ರ ನಾನೇ ಮಾಡುತ್ತೇನೆಂದೆ. ಹೀಟರಿನ ತಂತಿಯನ್ನು ಕೀಲಿಯ ಮೂಲಕ ತರಬೇಕಿತ್ತು. ಅದಕ್ಕೆ ಸ್ಟೇರಿಂಗಿನ ಕೆಳಗೆ ನುಸುಳಬೇಕು, ನನ್ನ ಹೊಟ್ಟೆ ಒಪ್ಪಲಿಲ್ಲ. ನೇರ ಬ್ಯಾಟರಿಗೆ ಹಚ್ಚಿದೆ. ಕರಿ ತಂತಿಯನ್ನು ಮುಂದಿನ ಗಾಜಿನ ಕೆಳಗೆ, ಕಣ್ಣೆದುರಿಗೆ ಕೂಡಿಸಿದ ಮೀಟರಿಗೆ ಕಟ್ಟಿದೆ.

ಅದರಿಂದಾಗಿ, ಇಂಜಿನ್ನು ಆರಿಸಿ ಕೀಲಿ ಕಿಸೆಯಲ್ಲಿಟ್ಟುಕೊಂಡರೂ, ನಾನು ಬ್ಯಾಟರಿಯ ತಂತಿ ಕಳಚಿಡುವವರೆಗೆ ಮೂಗು ಬಿಸಿಯಾಗಿಯೇ ಇರುತ್ತಿತ್ತು. ಕೊಳವೆಯಲ್ಲಿ ಉಳಿದ ಹೊಗೆಯನ್ನು ಮೂಸುತ್ತ ಸೂಜಿ ಮೆಲ್ಲಗೆ ಏರಿ, ಸ್ವಲ್ಪ ನಿಂತು, ಇಳಿಯುತ್ತಿತ್ತು. ಸದ್ದಿಲ್ಲದ ಕಾರಿನಲ್ಲಿ ಅದನ್ನು ನೋಡುತ್ತ ಕೂತವನು ನಾನೂ ಒಮ್ಮೊಮ್ಮೆ ಹಿಂದಿನ ಸೀಟಿನತ್ತ ತಿರುಗಿ ನೋಡುತ್ತಿದ್ದೆ. ಹೆಂಡತಿ ಒಮ್ಮೆ ನೋಡಿದವಳು, "ಸತ್ತ ಮ್ಯಾಲೂ ಉಸರಾಡೂ ಗಾಡ್ಯಾಗ ನಾ ಕೂಡಂಗಿಲ್ಲ" ಎಂದು ಬಸ್ಸು ಹಿಡಿದಳು.

ಅವ್ವನಿಗೆ ಅಂಥ ಭಯವಿರಲಿಲ್ಲ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅಮಾವಾಸ್ಯೆಗೊಮ್ಮೆ ತವರೂರು ಹಮ್ಮಿಗಿಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು ಬರುವುದು ಅವಳ ವ್ರತ. ಎರೆಮಣ್ಣಿನ ಧೂಳಿಗೆ ಹೆದರಿ ಹಿಂದಿನ ಗಾಜುಗಳನ್ನು ಏರಿಸಿಕೊಂಡೇ ಕೂಡುತ್ತಿದ್ದಳು. ಕೈ ಹೊರಗೆ ಹಾಕಿ ಸನ್ನೆ ಮಾಡುವ ಕಾಲವಾದ್ದರಿಂದ ನನ್ನ ಕಡೆಯ ಗಾಜು ಮಾತ್ರ ಕೆಳಗಿರುತ್ತಿತ್ತು.

ಕೆಲವು ತಿಂಗಳಾದ ಮೇಲೆ ಸೂಜಿ ಕೆಳಗೆ ಬೀಳತೊಡಗಿತು. ಪೆಟ್ರೋಲು ಸಾಲದು ಎಂದು ಅದರ ದೂರು. ಯಂತ್ರ ಹೇಳಿದ ಮೇಲೆ ಮುಗಿಯಿತಲ್ಲ, ಸೂಜಿ ಅರ್ಧಕ್ಕೆ ಬರುವವರೆಗೆ ತಿರುಪು ತಿರುಗಿಸಿದೆ. ಮತ್ತೆ ಬಿತ್ತು, ಮತ್ತೆ ತಿರುಗಿಸಿದೆ.

ಆ ಅಮಾವಾಸ್ಯೆ ಹಮ್ಮಿಗಿಯಲ್ಲಿ ಅವ್ವ ಇಳಿದ ಮೇಲೆ ನೋಡುತ್ತೇನೆ, ಸೀಟಿನ ಮೇಲೆ ಮಡಚಿದ ವೀಳ್ಯದೆಲೆ. ಬಿಚ್ಚಿ ನೋಡಿದರೆ ಸುಣ್ಣ ಕಡಿಮೆ, ಅಡಿಕೆ ಜಾಸ್ತಿ. ಅದು ಅಪ್ಪನ ಹದ.

"ನಿಮ್ಮಪ್ಪಗ ಮಡಚಿ ಕೊಟ್ಟಿದ್ದೆ, ತಿನ್ನಲಿಲ್ಲ" ಎಂದಳು ಅವ್ವ, ಹಾಲಿನವನು ಬರಲಿಲ್ಲ ಎನ್ನುವ ಧಾಟಿಯಲ್ಲಿ. "ಡಂಬಳ ದಾಟಿದ ಮ್ಯಾಲ ಬರ್ತಾರ. ಇನ್ನೂ ಮಾತಾಡಿಲ್ಲ. ಸುಮ್ಮನ ಕೂಡ್ತಾರ."

ಮರಳುವಾಗ ಕನ್ನಡಿಯಲ್ಲಿ ಕಂಡೆ. ಅವ್ವ ಸೆರಗು ಸಾವರಿಸಿಕೊಂಡು ಬಾಗಿಲಿಗೆ ಒತ್ತಿ ಕೂತಿದ್ದಳು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. ಮುಖ ಕೆಂಪಗೆ ಮಿಂಚುತ್ತಿತ್ತು. ಓಣಿಯ ಹೆಂಗಸರು, ವಯಸ್ಸು ಹಿಂದಕ್ಕೆ ಹೋಗಿದೆ ನಿಮಗೆ, ಎಂದು ಹೊಗಳಿದರು. ಮನೆಗೆ ಬಂದ ಮೇಲೆ ಹಣೆಗೆ ಬಟ್ಟೆ ಬಿಗಿದು ಮಲಗುತ್ತಿದ್ದಳು, ಬಿಸಿಲಿನ ತಲೆಶೂಲೆ ಎನ್ನುತ್ತಿದ್ದಳು. ಅಮಾವಾಸ್ಯೆಯವರೆಗೆ ಕಾಯಲಾರದೆ ನಡುನಡುವೆಯೂ ಹಮ್ಮಿಗಿಗೆ ಹೋಗೋಣವೆಂದಳು. ದೆವ್ವ ಭೂತ ನಂಬದವನು ನಾನು. ಆದರೆ ಖರೆ ಹೇಳುತ್ತೇನೆ, ಅವಳನ್ನು ಕರೆದೊಯ್ಯುವುದು ನನಗೂ ಹಿತವಾಗತೊಡಗಿತ್ತು. ಅಪ್ಪ ಬರುತ್ತಾನೆಂದರೆ ಬರಲಿ ಬಿಡು ಎನ್ನಿಸುತ್ತಿತ್ತು.

ಡಂಬಳ ದಾಟಿ, ಮುಂಡರಗಿ ಇನ್ನೂ ಮುಂದಿರುವಾಗ ಒಂದು ಮಧ್ಯಾಹ್ನ, ರೇಡಿಯೇಟರಿಗೆ ನೀರು ಹಾಕಲು ಬೇವಿನ ಮರದಡಿ ನಿಲ್ಲಿಸಿದೆ. ಸೂಜಿ ಸರಿಯಾಗಿ ಅರ್ಧದಲ್ಲಿ ನಿಂತು ಎಲ್ಲ ಕ್ಷೇಮ ಎನ್ನುತ್ತಿತ್ತು. ಅವ್ವನನ್ನು ಕರೆದೆ. ಓಗೊಡಲಿಲ್ಲ. ಬಾಗಿಲು ತೆಗೆದರೆ ನನ್ನ ತೋಳಿಗೆ ವಾಲಿದಳು, ನಗುಮುಖದಲ್ಲಿ. ನೆಲದ ಮೇಲೆ ಮಲಗಿಸಿ, ನೀರು ಚಿಮುಕಿಸಿ, ನಾನು ನಂಬದ ದೇವರನ್ನೆಲ್ಲ ಹೆಸರು ಹಿಡಿದು ಕರೆದೆ. ಕಪ್ಪತಗುಡ್ಡದ ಕಡೆಯ ಗಾಳಿ ಬೀಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟವಳು ಸಿಟ್ಟಿನಿಂದ ನನ್ನನ್ನು ನೋಡಿದಳು.

"ಯಾಕ ಎಬ್ಬಿಸಿದಿ? ಈಗರೆ ಮಾತ ಸುರು ಮಾಡಿದ್ರು" ಎಂದಳು.

ಅವ್ವನನ್ನು ಮುಂದಿನ ಸೀಟಿನಲ್ಲಿ ಗಾಳಿಗೆ ಕೂಡಿಸಿಕೊಂಡು ಮನೆಗೆ ಮುಟ್ಟಿಸಿ, ಕಾರನ್ನು ಬೆಟಗೇರಿಗೆ ಒಯ್ದೆ. ಖಾದರಸಾಬ ಹಿಂದಿನ ಚಾಪೆ ಎತ್ತಿದ. ತುಕ್ಕು ತಿಂದು ತಳ ತೂತಾಗಿತ್ತು. ಅದರ ನೇರ ಕೆಳಗೆ, ಮೂಗು ಕೂಡಿಸಿದ ಬೆಸುಗೆ ಬಿರುಕು ಬಿಟ್ಟಿತ್ತು. ಬೊಗಸೆಯಲ್ಲಿ ಹೊಗೆ ಹಿಡಿದು ಮೂಸಿ, ಮುಖ ಹಿಂದಕ್ಕೆಳೆದುಕೊಂಡ. "ಎಷ್ಟ್ ಪೆಟ್ರೋಲ್ ಕುಡಸೀರಿ ಇದಕ್ಕ? ನಿಮ್ಮ ಮೂಗು ಸತ್ತು ಭಾಳ ದಿನ ಆಗೈತ್ರಿ ಸರ." ಬಿಚ್ಚಿದ ಸೆನ್ಸರಿನ ತುದಿಗೆ ಬೂದು ಬಣ್ಣದ ಪದರು ಕಟ್ಟಿತ್ತು. ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು; ಆ ಮೂಗಿಗೆ ಸೀಸವೆಂದರೆ ವಿಷ. ಸಾಯುತ್ತ ಸಾಯುತ್ತ ಅದು ಪೆಟ್ರೋಲು ಸಾಲದು ಎಂದು ಸುಳ್ಳು ಹೇಳಿತು, ನಾನು ಕುಡಿಸುತ್ತ ಹೋದೆ. ಅರೆಬರೆ ಉರಿದ ಪೆಟ್ರೋಲಿನಿಂದ ಹುಟ್ಟುವ ವಿಷಾನಿಲ, ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತ ಸೇರಿ ಮುಖ ಕೆಂಪಾಗಿಸಿ ಕನಸು ಕಾಣಿಸಿ ಕೊಲ್ಲುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಇನ್ನರ್ಧ ತಾಸು ಓಡಿಸಿದ್ದರೆ ಅವ್ವನನ್ನು ನಾನೇ ಕೊಂದಿರುತ್ತಿದ್ದೆ.

ಖಾದರಸಾಬ ತಳ ಮುಚ್ಚಿದ, ಕೊಳವೆ ಬದಲಿಸಿದ, ತನ್ನ ಮೂಗಿನಿಂದಲೇ ತಿರುಪು ಹೊಂದಿಸಿದ. ಮುಂದಿನ ಅಮಾವಾಸ್ಯೆ ಹಿಂದಿನ ಗಾಜುಗಳನ್ನೂ ನಾನೇ ಇಳಿಸಿದೆ. ಅವ್ವ ದಾರಿಯುದ್ದಕ್ಕೂ ಪಕ್ಕದ ಖಾಲಿ ಜಾಗ ನೋಡುತ್ತ ಕೂತಿದ್ದಳು. ಹಮ್ಮಿಗಿಯಲ್ಲಿ ಇಳಿದು, ಮಡಚಿದ ಎಲೆಯನ್ನು ಹೊಳೆಗೆ ಬಿಟ್ಟಳು.

"ಗಾಡಿ ರಿಪೇರಿ ಮಾಡಸಿದ್ದು ಚಲೋ ಆತಪಾ" ಎಂದಳು. "ಆದ್ರ ಅವರು ಏನೋ ಹೇಳಾಕ ಬಂದಿದ್ರು. ಏನಂತ ಕೇಳೂದ ಉಳೀತು."

ವಿಷಾನಿಲದ ವಿಷಯ ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಎರಡನೆಯ ಸಲ ಸಾಯುತ್ತಿದ್ದ.

ಅವ್ವ ತೀರಿಕೊಂಡ ಮರುವರ್ಷ, ಮುಂಡರಗಿಯಲ್ಲಿ ಕೆಲಸವಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಅದೇ ಕಾರಿನಲ್ಲಿ ಒಬ್ಬನೇ ಹೊರಟೆ. ಡಂಬಳ ದಾಟಿದ ಮೇಲೆ ನಾಲ್ಕೂ ಗಾಜು ಏರಿಸಿ, ಕನ್ನಡಿ ನೋಡುತ್ತಲೇ ಹೋದೆ. ಮುಂಡರಗಿ ಬಂತು, ಯಾರೂ ಬರಲಿಲ್ಲ. ಖಾದರಸಾಬನ ಕೆಲಸ ಅಷ್ಟು ಚೊಕ್ಕ.